ಎಲೆಯ ತುದಿಯ ಉಪ್ಪು

ನಾಲ್ಕು ಜನರ ಮುಂದೆ ನನ್ನನ್ನು ಹಗುರ ಮಾಡಿದವರ ಹೆಸರು, ಸ್ಥಳ, ಸಂದರ್ಭ ಮತ್ತು ಅವರು ಬಳಸಿದ ಮಾತು ನನಗೆ ಇಂದಿಗೂ ನೆನಪಿವೆ. ಇದನ್ನು ನನ್ನ ಹೆಂಡತಿ ಗಿರಿಜಮ್ಮ ದೋಷವೆನ್ನುತ್ತಾಳೆ. ಮೂವತ್ತೊಂದು ವರ್ಷ ಸರ್ವೇಯರ್ ಆಗಿ ಹೊಲ ಅಳೆದವನ ನೆನಪು ಸಡಿಲವಾಗಿದ್ದರೆ ಯಾರ ಗಡಿಕಲ್ಲು ಯಾರ ಹೊಲದಲ್ಲಿರುತ್ತಿತ್ತೋ ಎಂದು ನಾನು ಹೇಳುತ್ತೇನೆ. ಆದರೆ ಈ ಬರಹವನ್ನು ದೂರು ಹೇಳುವುದಕ್ಕಾಗಿ ಬರೆಯುತ್ತಿಲ್ಲ. ನನ್ನ ರಕ್ತದೊತ್ತಡ ಇಳಿದದ್ದು, ಬಲಗಣ್ಣಿಗೆ ಬೆಳಕು ಮರಳಿದ್ದು ಬಹುಪಾಲು ಅಂಥ ಹಗುರ ಮಾತುಗಳಿಂದಲೇ. ಅವಮಾನವನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡವನು ಉಪಕಾರವನ್ನು ಹೇಳದೆ ಬಿಟ್ಟರೆ ನ್ಯಾಯವಾಗುವುದಿಲ್ಲ. ಬಿ.ಪಿ. ಎಂಬ ಎರಡಕ್ಷರ ಕೇಳಿ ಕಂಗಾಲಾಗಿ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿರುವವರು ಇದನ್ನು ಓದಿದರೆ, ಆ ಬೆಂಚಿನ ಇನ್ನೊಂದು ತುದಿಯಲ್ಲಿ ನಾನೂ ಕುಳಿತಿದ್ದೆನೆಂದು ತಿಳಿಯಲಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ನಿವೃತ್ತನಾಗಿ ಅರಸೀಕೆರೆಯ ಸ್ವಂತ ಮನೆಯಲ್ಲಿ ಹೆಂಡತಿ, ಮಗ, ಸೊಸೆಯರೊಂದಿಗೆ ಇದ್ದೆ. ಎಡಗಣ್ಣು ಚಿಕ್ಕಂದಿನಲ್ಲಿ ಚಿಣ್ಣಿದಾಂಡು ಆಡುವಾಗ ಏಟು ಬಿದ್ದು ಮಂದವಾದದ್ದು. ಸೇವೆಯುದ್ದಕ್ಕೂ ಗುರಿ ನೋಡಿದ್ದು, ನಕ್ಷೆ ಬರೆದದ್ದು ಬಲಗಣ್ಣೊಂದರಿಂದ. ಆ ಬಲಗಣ್ಣಿಗೇ ಪೊರೆ ಬಂತು. ಪತ್ರಿಕೆಯ ಅಕ್ಷರಗಳು ಮೊದಲು ಮಂಕಾದವು, ಆಮೇಲೆ ಸಾಲುಗಳೇ ಒಂದರೊಳಗೊಂದು ಕಲಸಿಹೋದವು. ಊರಿನ ಕಲ್ಯಾಣಮಂಟಪದಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆಂದು ತಿಳಿದು ಬೆಳಿಗ್ಗೆ ಏಳಕ್ಕೇ ಹೋಗಿ ಸಾಲಿನಲ್ಲಿ ನಿಂತೆ. ಯಾವ ಕಣ್ಣೆಂದು ತಪ್ಪದಿರಲು ಬಲಹುಬ್ಬಿನ ಮೇಲೆ ಬಿಳಿಯ ಪ್ಲಾಸ್ಟರ್ ತುಂಡೊಂದನ್ನು ಅಂಟಿಸಿದರು. ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವ ವ್ಯಾನು ಹೊರಗೆ ನಿಂತಿತ್ತು. ಹತ್ತುವುದಕ್ಕೆ ಮುನ್ನ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದರು. ನೂರ ತೊಂಬತ್ತು, ನೂರ ಹತ್ತು.

ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಕಾರ್ಯಕರ್ತನೊಬ್ಬ ಇಡೀ ಮಂಟಪಕ್ಕೆ ಕೇಳುವಂತೆ ಕೂಗಿದ: "ಅಜ್ಜಾ, ಏಳು ಮ್ಯಾಕೆ. ನಿಂಗೆ ಬಿ.ಪಿ. ಜಾಸ್ತಿ ಐತೆ, ಆಪರೇಸನ್ ಆಗಕಿಲ್ಲ. ಮುಂದಿನೋರು ಬನ್ರಿ!"

ನನಗೆ ಆಗ ಅರವತ್ತೊಂದು. ಆತನಿಗೆ ನಲವತ್ತೈದಕ್ಕೆ ಕಡಿಮೆಯಿರಲಿಲ್ಲ. ನಾನು ಅವನಿಗೆ ಅಜ್ಜನಾಗುವುದು ಯಾವ ಅಳತೆಯಿಂದಲೂ ಸಾಧ್ಯವಿರಲಿಲ್ಲ. ಪ್ಲಾಸ್ಟರನ್ನು ಹುಬ್ಬಿನ ಮೇಲೆ ಹೊತ್ತುಕೊಂಡೇ ಮನೆಗೆ ನಡೆದೆ. ದಾರಿಯ ಟೀ ಅಂಗಡಿಯವನು "ಏನ್ ಸಾರ್, ಎಲ್ ಬಿದ್ರಿ?" ಎಂದು ಕೇಳಿದ. ಗಿರಿಜಮ್ಮ ಪ್ಲಾಸ್ಟರನ್ನು ಕಿತ್ತಾಗ ಹುಬ್ಬಿನ ಕೂದಲೂ ಒಂದಿಷ್ಟು ಬಂತು.

ನಮ್ಮ ಬೀದಿಗೆ ಹತ್ತಿರದ ದವಾಖಾನೆಯಲ್ಲಿ ಒಬ್ಬ ವೈದ್ಯೆ ಇದ್ದರು. ನನ್ನ ಮಗಳ ವಯಸ್ಸಿನವರು. ಅಲ್ಲಿನ ಬೆಂಚು ಮೂರು ಕಾಲಿನದು. ನಾಲ್ಕನೆಯ ಕಾಲಿನ ಜಾಗದಲ್ಲಿ ಇಟ್ಟಿಗೆಗಳಿದ್ದವು. ನನ್ನ ಚೀಟಿ ಒಂಬತ್ತನೆಯದು. ಹನ್ನೊಂದನೆಯವರನ್ನು ಕಾಂಪೌಂಡರು ತನ್ನ ನೆಂಟರೆಂದು ನನಗಿಂತ ಮೊದಲು ಒಳಗೆ ಬಿಟ್ಟ. ಆದ್ದರಿಂದ ನಾನು ಒಳಗೆ ಹೋದಾಗ ಒತ್ತಡ ಎಷ್ಟಿರಬೇಕೋ ಅದಕ್ಕಿಂತಲೂ ಹೆಚ್ಚಿತ್ತು.

"ಕೂತ್ಕೊಂಡು ಮಾಡೋ ಕೆಲ್ಸಾನಾ ಸರ್?" ಎಂದು ವೈದ್ಯೆ ಕೇಳಿದರು.

"ಅಮ್ಮಾ, ಈ ತಾಲ್ಲೂಕಿನಲ್ಲಿ ನಾನು ನಡೆಯದ ಬದು ಇಲ್ಲ."

"ಅದು ಆಗ ಸರ್. ಈಗ?"

ಈಗ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಪಡಸಾಲೆಯ ಕುರ್ಚಿಯಲ್ಲಿದ್ದೆ. ಅವರು ದಿನಕ್ಕೊಂದು ಮಾತ್ರೆ ಬರೆದರು, ಅರ್ಧ ಗಂಟೆ ನಡೆಯಲು ಹೇಳಿದರು, "ಉಪ್ಪು ಪೂರ್ತಿ ಬಿಡಿ ಅಂತಿಲ್ಲ ಸರ್, ಅರ್ಧದಷ್ಟು ಮಾಡಿ ಸಾಕು" ಎಂದರು. ಪೂರ್ತಿ ಬಿಡುವ ಶಕ್ತಿ ನನಗಿಲ್ಲವೆಂದು ಆಕೆ ಮೊದಲೇ ತೀರ್ಮಾನಿಸಿದಂತೆ ತೋರಿತು. ಅಂದಿನಿಂದಲೇ ಪೂರ್ತಿ ಬಿಡಲು ನಿಶ್ಚಯಿಸಿದೆ.

ನನ್ನ ದೊಡ್ಡ ತಪ್ಪು ನಡೆದದ್ದು ಇಲ್ಲಿ. ನಮ್ಮ ಮನೆಯಲ್ಲಿ, ಎಲೆಯಾಗಲಿ ತಟ್ಟೆಯಾಗಲಿ, ಊಟಕ್ಕೆ ಕುಳಿತೊಡನೆ ಮೊದಲು ಬರುವುದು ಎಡತುದಿಗೆ ಬಡಿಸುವ ಒಂದು ಚಿಟಿಕೆ ಉಪ್ಪು. ಮಿಕ್ಕದ್ದೆಲ್ಲ ಅದರ ನಂತರ. ಉಪ್ಪು ಎಂದರೆ ನನ್ನ ಮನಸ್ಸಿಗೆ ಹುಟ್ಟಿದಾಗಿನಿಂದ ಅದೇ. ಹುಳಿಯಲ್ಲಿರುವುದು ಹುಳಿ, ಉಪ್ಪಿನಕಾಯಿಯಲ್ಲಿರುವುದು ಉಪ್ಪಿನಕಾಯಿ. ತುದಿಯ ಚಿಟಿಕೆಯನ್ನು ಬಡಿಸಬಾರದೆಂದು ಮನೆಯಲ್ಲಿ ಕಟ್ಟಾಜ್ಞೆ ಮಾಡಿದೆ. ಆ ತ್ಯಾಗದಿಂದ ನಾಲಿಗೆಗೆ ಉಂಟಾದ ಕೊರತೆಯನ್ನು ಇನ್ನೊಂದು ಹೋಳು ಉಪ್ಪಿನಕಾಯಿ, ಎರಡು ಬಾಳಕದ ಮೆಣಸಿನಕಾಯಿಗಳಿಂದ ತುಂಬಿಕೊಂಡೆ. ಗಿರಿಜಮ್ಮ ಒಮ್ಮೆ ಬಾಯಿ ತೆರೆದಳು. "ನಾನು ಉಪ್ಪು ಬಿಟ್ಟವನು" ಎಂದು ಅವಳ ಬಾಯಿ ಮುಚ್ಚಿಸಿದೆ.

ನಡಿಗೆಯ ವಿಷಯದಲ್ಲಿ ಮಾತ್ರ ಶಿಸ್ತು ತಪ್ಪಲಿಲ್ಲ. ದಾರಿಯ ಉದ್ದ ತಿಳಿಯದೆ ನಡೆಯುವುದು ನನ್ನ ಜಾಯಮಾನವಲ್ಲ. ನನ್ನ ಬಳಿ ಮೂವತ್ಮೂರು ಅಡಿಯ ಹಳೆಯ ಸರ್ವೇ ಸರಪಳಿಯೊಂದಿತ್ತು. ಇಲಾಖೆ ಕೆಲಸಕ್ಕೆ ಬಾರದೆಂದು ಹರಾಜಿಗಿಟ್ಟಾಗ ನಾನೇ ಕೊಂಡದ್ದು. ಕೊಂಡದ್ದಕ್ಕೆ ಕಾರಣವಿದೆ. ಹಿಂದೊಮ್ಮೆ ಹಳೇಬೀಡು ಹೋಬಳಿಯಲ್ಲಿ ಇಬ್ಬರು ಅಣ್ಣತಮ್ಮಂದಿರ ಗಡಿ ಅಳೆಯುತ್ತಿದ್ದಾಗ ಅಲ್ಲಿನ ಗ್ರಾಮಲೆಕ್ಕಿಗರಾಗಿದ್ದ ರಂಗೇಗೌಡರು ರೈತರೆಲ್ಲರ ಮುಂದೆ, "ನಂಜುಂಡಯ್ಯ, ನಿನ್ ಸರಪಣಿ ಎಳ್ದೂ ಎಳ್ದೂ ಉದ್ದ ಆಗೈತೆ ಕಣಯ್ಯಾ, ಒಸಿ ನೋಡ್ಕೊ" ಎಂದಿದ್ದರು. ರೈತರು ನಕ್ಕರು. ನಾನು ನೋಡಿಕೊಳ್ಳಲಿಲ್ಲ. ತರುವಾಯ ಆ ಗಡಿಯನ್ನು ಇನ್ನೊಬ್ಬ ಸರ್ವೇಯರನಿಂದ ಮತ್ತೆ ಅಳೆಸಿದರು. ಅದು ಎರಡನೆಯ ಅವಮಾನ. ರಂಗೇಗೌಡರೊಡನೆ ಅಂದು ನಿಲ್ಲಿಸಿದ ಮಾತನ್ನು ಹತ್ತೊಂಬತ್ತು ವರ್ಷ ನಿಲ್ಲಿಸಿಯೇ ಇದ್ದೆ. ಸರಪಳಿ ಸರಿಯಾಗಿತ್ತೆಂದು ಎಂದಾದರೂ ತೋರಿಸಬೇಕೆಂದೇ ಅದನ್ನು ಮನೆಯಲ್ಲಿಟ್ಟುಕೊಂಡಿದ್ದೆ.

ದಾರಿ ಅಳೆಯುವ ಮುನ್ನ, ಅಭ್ಯಾಸಬಲದಿಂದ, ಮಗನ ಬಳಿಯಿದ್ದ ಹೊಸ ಉಕ್ಕಿನ ಟೇಪಿನ ಪಕ್ಕದಲ್ಲಿ ಸರಪಳಿಯನ್ನು ಚಾಚಿದೆ. ಕಣ್ಣು ಮಂಜಾದ್ದರಿಂದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಸರಪಳಿ ಮೂವತ್ಮೂರು ಅಡಿಗಿಂತ ನಾಲ್ಕು ಬೆರಳು ಉದ್ದವಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಪ್ರತಿ ಸರಪಳಿಗೂ ನಾಲ್ಕು ಬೆರಳು ಸೇರಿಸಿಕೊಂಡು ದಾರಿ ಅಳೆದೆ.

ಒಂದು ತುದಿ ನಾನು, ಇನ್ನೊಂದು ತುದಿ ಗಿರಿಜಮ್ಮ. ಬೆಳಗಿನ ಆರು ಗಂಟೆ. ನಾಲ್ಕನೆಯ ಸರಪಳಿ ಹಾಕುವಷ್ಟರಲ್ಲಿ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಮೂಲೆಮನೆಯ ಹೂವಿನ ಸಾವಿತ್ರಮ್ಮ ರಂಗೋಲಿಯ ಬಟ್ಟಲು ಹಿಡಿದೇ ಓಡಿಬಂದರು.

"ಸಾಮಿ, ರಸ್ತೆ ಅಗಲ ಮಾಡ್ತಾರಾ? ನಮ್ ಜಗಲಿ ಹೋಗ್ತದಾ?"

"ಇಲ್ಲ ಕಣಮ್ಮ," ಎಂದಳು ಗಿರಿಜಮ್ಮ, ಸರಪಳಿಯ ಹಿಡಿ ಬಿಡದೆ. "ಇವ್ರಿಗೆ ಬಿ.ಪಿ. ಬಂದಿದೆ."

"ಬಿ.ಪಿ. ಬಂದ್ರೆ ಬೀದಿ ಅಳೀತಾರಾ?"

"ಇವ್ರು ಅಳೀತಾರೆ."

ರೈಲ್ವೆ ಗೇಟಿನವರೆಗೆ ಹೋಗಿ ಬಂದರೆ ಇನ್ನೂರ ಹನ್ನೆರಡು ಸರಪಳಿ, ಎಂದರೆ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಸರಪಳಿಯ ಇನ್ನೊಂದು ತುದಿ ಹಿಡಿಯಲು ಬಂದವಳು ಮರುದಿನವೂ ಸೆರಗು ಹೊದ್ದು ಜೊತೆಗೆ ಹೊರಟಳು, ಕರೆದಿರಲಿಲ್ಲ.

ಆರು ತಿಂಗಳ ಮೇಲೆ ಅದೇ ಮಂಟಪದಲ್ಲಿ ಮತ್ತೆ ಶಿಬಿರ ನಡೆಯಿತು. ಅದೇ ಬಿಲ್ಲೆಯ ಮನುಷ್ಯ ಬಾಗಿಲಲ್ಲಿದ್ದ. "ಮತ್ತೆ ಬಂದ್ಯಾ ಅಜ್ಜಾ?" ಎಂದ. ಈ ಸಲ ಪ್ಲಾಸ್ಟರ್ ಅಂಟಿಸುವ ಮೊದಲೇ ಒತ್ತಡ ನೋಡಿದರು. ಅಷ್ಟರಮಟ್ಟಿಗೆ ವ್ಯವಸ್ಥೆ ಸುಧಾರಿಸಿತ್ತು. ನೂರ ಎಪ್ಪತ್ತೆಂಟು, ನೂರ ಎರಡು. ಕಣ್ಣಿನ ವೈದ್ಯರು ದೀಪ ಬಿಟ್ಟು ನೋಡಿ ಮೆಲುದನಿಯಲ್ಲಿ ಹೇಳಿದರು: "ಪೊರೆ ಬಹಳ ಬಲಿತಿದೆ. ಇನ್ನೂ ತಡ ಮಾಡಿದರೆ ಕಷ್ಟ. ಮುಂದಿನ ಶಿಬಿರಕ್ಕೆ ಒತ್ತಡ ಇಳಿಸಿಕೊಂಡು ಬರಲೇಬೇಕು."

ನನ್ನನ್ನು ಕೂಗಿ ಎಬ್ಬಿಸಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಈ ಮೆಲುದನಿಗೆ ಭಯವಾಯಿತು. ಆ ದಿನ ಊಟಕ್ಕೆ ಕುಳಿತು ಲೋಟಕ್ಕೆ ನೀರು ಬಗ್ಗಿಸಿಕೊಂಡೆ. ನೀರು ಲೋಟದ ಪಕ್ಕದಲ್ಲಿ ಬಿದ್ದು ನೆಲದ ಮೇಲೆ ಹರಿಯಿತು. ಸೊಸೆ ಏನೂ ಆಗದವಳಂತೆ ಒರೆಸಿ ಹೋದಳು. ಅವಳು ನಕ್ಕಿದ್ದರೆ ಒಳ್ಳೆಯದಿತ್ತು.

ದವಾಖಾನೆಗೆ ಹೋಗಿ ವೈದ್ಯೆಯನ್ನೇ ದಬಾಯಿಸಿದೆ: ಮಾತ್ರೆ ನುಂಗಿದ್ದೇನೆ, ನಡೆದಿದ್ದೇನೆ, ಉಪ್ಪು ಸಂಪೂರ್ಣ ಬಿಟ್ಟಿದ್ದೇನೆ, ಆದರೂ ಇಳಿದಿಲ್ಲ. ಆಕೆ "ಸಂಪೂರ್ಣ ಬಿಟ್ಟಿದ್ದೀರಾ ಸರ್? ಖಂಡಿತ?" ಎಂದು ಎರಡು ಬಾರಿ ಕೇಳಿದರು. ಸುಳ್ಳು ಹೇಳುವವನೆಂದು ಭಾವಿಸಿದರಲ್ಲ ಎಂದು ಮುಂದಿನ ಮಾತು ಕೇಳದೆ ಎದ್ದು ಬಂದೆ.

ಅದೇ ತಿಂಗಳು ಬೇಲೂರಿನಲ್ಲಿ ನೆಂಟರ ಮದುವೆ. ಬಸ್ ನಿಲ್ದಾಣದಲ್ಲಿ ಬೋರ್ಡು ಓದಲಾಗದೆ ಕಂಡಕ್ಟರನನ್ನು ಕೇಳಿದೆ. "ಬರ್ದಿರೋದು ಕನ್ನಡದಲ್ಲೇ ಯಜಮಾನ್ರೇ, ಓದಕ್ ಬರಲ್ವಾ?" ಎಂದ. ಸಾವಿರಾರು ನಕ್ಷೆಗಳಿಗೆ ಊರಿನ ಹೆಸರು ಬರೆದ ಕೈ ನನ್ನದು. ಬಸ್ಸು ಹತ್ತಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಗಿರಿಜಮ್ಮ ನನ್ನ ಕೈಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ.

ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಎಡಗಡೆ ಬಂದು ಕುಳಿತ ವ್ಯಕ್ತಿ ಯಾರೆಂದು ದನಿ ಕೇಳಿದ ಮೇಲಷ್ಟೇ ತಿಳಿಯಿತು.

"ಯಾರು, ಸರ್ವೇ ನಂಜುಂಡಯ್ಯನಾ? ಏನಯ್ಯಾ, ಗುರ್ತೇ ಸಿಗ್ನಿಲ್ವಾ ನಂದು?"

ರಂಗೇಗೌಡರು. ಹತ್ತೊಂಬತ್ತು ವರ್ಷದ ಮೌನವನ್ನು ಕಂಡೂ ಕಾಣದಂತೆ ಮಾತಾಡಿಬಿಟ್ಟರು. ನಾನು ತಲೆಯಾಡಿಸಿದೆನೇ ಹೊರತು ಮಾತಾಡಲಿಲ್ಲ. ಉಪ್ಪು ಬಡಿಸುವವನು ಬಂದಾಗ ಎಲೆಯ ತುದಿಗೆ ಅಂಗೈ ಅಡ್ಡವಿಟ್ಟು, ಪಕ್ಕದವರಿಗೂ ಕೇಳಲಿ ಎಂಬಷ್ಟು ದನಿಯಲ್ಲಿ, "ಬೇಡ. ನಾನು ಉಪ್ಪು ಬಿಟ್ಟಿದ್ದೇನೆ" ಎಂದೆ.

ಉಪ್ಪಿನಕಾಯಿ ಮಾವಿನ ಮಿಡಿಯದು. ಮಲೆನಾಡಿನ ಕಡೆಯಿಂದ ತರಿಸಿದ್ದರೆಂದು ತೋರುತ್ತದೆ, ಕಚ್ಚಿದರೆ ಕಟುಂ ಎನ್ನುತ್ತಿತ್ತು. ಅನ್ನಕ್ಕೆ ಒಂದು ಹಾಕಿಸಿಕೊಂಡೆ, ಮೊಸರಿಗೆ ಮತ್ತೆ ಕರೆದೆ. ಆಗ ರಂಗೇಗೌಡರು ಪಂಕ್ತಿಗೆಲ್ಲ ಕೇಳುವಂತೆ ಕೂಗಿದರು.

"ಏ ಉಪ್ಪಿನ್ಕಾಯಿ, ಇಲ್ ಬಾರಪ್ಪಾ! ಉಪ್ಪು ಬಿಟ್ಟೋರಿಗೆ ಇನ್ನೊಂದ್ ಮಿಡಿ ಹಾಕು. ಇದು ಮೂರ್ನೇದು! ನೋಡ್ರಪ್ಪಾ, ಎಲೆ ತುದೀಲಿರೋ ಉಪ್ಪು ಬಿಟ್ಟು ಎಲೆ ತುಂಬಾ ಉಪ್ಪು ತಿಂತಾನೆ ನಮ್ ಸರ್ವೇಯರ್ರು!"

ಎದುರು ಸಾಲಿನವರೂ ನಕ್ಕರು. ಪಂಕ್ತಿಯ ನಡುವೆ ಎದ್ದು ಹೋಗುವುದು ಅಮರ್ಯಾದೆಯಾದ್ದರಿಂದ ಎಲ್ಲರೂ ಏಳುವವರೆಗೆ ಎಲೆಯ ಮೇಲೆ ಕೈಯಿಟ್ಟು ಕುಳಿತಿದ್ದೆ. ಕಿವಿಯಲ್ಲಿ ರಕ್ತ ಡಬಡಬ ಬಡಿಯುತ್ತಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಗಿರಿಜಮ್ಮ ಹಳೇಬೀಡು ಬರುವ ತನಕ ಕಾದಳು. ಅಲ್ಲಿ ಜನ ಇಳಿದು ಹತ್ತುವ ಗಲಾಟೆಯಲ್ಲಿ ನನ್ನ ಕಡೆ ಬಾಗಿದಳು.

"ಏನೂಂದ್ರೆ, ಅವ್ರು ಅಂದಿದ್ದು ತಪ್ಪು. ಆದ್ರೆ ಅದ್ರಲ್ಲಿ ಸುಳ್ಳೇನಿತ್ತು?"

ಮನೆಯಲ್ಲಿದ್ದ ಸರಪಳಿ ಕಣ್ಣ ಮುಂದೆ ಬಂತು, ನಾಲ್ಕು ಬೆರಳು. ಅಂದು ನೋಡಿಕೊ ಎಂದಾಗ ನೋಡಿಕೊಂಡಿರಲಿಲ್ಲ. ಈಗಲಾದರೂ ನೋಡಬೇಕೆನ್ನಿಸಿತು.

ಮರುದಿನ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತೆ. ನನ್ನ ಪಾಲಿನ ಪ್ರತಿ ಪದಾರ್ಥಕ್ಕೂ ಬೀಳುವ ಉಪ್ಪಿನಷ್ಟೇ ಉಪ್ಪನ್ನು ಒಂದು ಬಸಿಗೂ ಹಾಕಬೇಕೆಂದು ಗಿರಿಜಮ್ಮನಿಗೆ ಹೇಳಿದೆ. "ಇಷ್ಟು ವರ್ಷ ಸಂಸಾರ ಮಾಡಿ ನನ್ನ ಕೈಯಳತೇನೂ ಸರ್ವೇ ಮಾಡ್ಸಿಕೊಳ್ಳೋ ಕಾಲ ಬಂತಲ್ಲಾ" ಎಂದಳು; ಆದರೂ ಮಾಡಿದಳು. ಬೆಳಗಿನ ಉಪ್ಪಿಟ್ಟು, ಹುಳಿ, ಪಲ್ಯ, ಮಜ್ಜಿಗೆ. ಉಪ್ಪಿನಕಾಯಿಗೂ ಬಾಳಕಕ್ಕೂ ಅಂದಾಜಿನದು. ರಾಗಿಮುದ್ದೆಯೊಂದಕ್ಕೆ ಮಾತ್ರ ಏನೂ ಬೀಳಲಿಲ್ಲ. ಸಂಜೆಗೆ ಬಸಿಯಲ್ಲಿ ಒಂದು ಗುಡ್ಡೆ ನಿಂತಿತ್ತು. ಅದರ ಪಕ್ಕದಲ್ಲಿ, ನಾನು ಆರು ತಿಂಗಳು ಬಿಟ್ಟು ಮೆರೆದಿದ್ದ ಆ ಚಿಟಿಕೆಯನ್ನು ಇಟ್ಟು ನೋಡಿದೆ. ಕಾಣಿಸಲಿಲ್ಲ, ಬೆರಳಿನಿಂದ ಹುಡುಕಬೇಕಾಯಿತು.

ಅಲ್ಲಿಂದ ನನ್ನ ಹುಳಿ ಬೇರೆ ಪಾತ್ರೆಯಲ್ಲಿ ಕುದಿಯತೊಡಗಿತು. ಮನೆಯವರಿಗೆ ಒಂದು ಪಾತ್ರೆ, ನನಗೊಂದು. ಬಹಿಷ್ಕಾರ ಹಾಕಿಸಿಕೊಂಡವನಂತೆ ಮೊದಲ ವಾರ ಉಂಡೆ. ನಿಂಬೆಯ ಹುಳಿ, ಹುರಿದ ಜೀರಿಗೆ, ಮೆಣಸು, ಕೊತ್ತಂಬರಿ ಎಂದು ಗಿರಿಜಮ್ಮ ಏನೇನೋ ಮಾಡಿ ಸಪ್ಪೆಯನ್ನು ಮರೆಸಲು ನೋಡಿದಳು. ಮೂರನೆಯ ವಾರದ ಹೊತ್ತಿಗೆ ನಾಲಿಗೆ ಹಟ ಬಿಟ್ಟಿತು. ಬೆಂದ ಅವರೆಕಾಳಿಗೆ ತನ್ನದೇ ರುಚಿಯಿದೆಯೆಂದು ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿದೆ. ಆಗಲೇ ಇನ್ನೊಂದು ಸಂಗತಿ ಗಮನಕ್ಕೆ ಬಂತು. ನನ್ನ ಪಾತ್ರೆ ನಾನು ಉಣ್ಣುವುದಕ್ಕಿಂತ ಎರಡರಷ್ಟು ದೊಡ್ಡದು. ಆದರೂ ಪ್ರತಿದಿನ ಖಾಲಿಯಾಗುತ್ತಿತ್ತು.

"ಇದರಲ್ಲಿ ಇನ್ಯಾರು ಊಟ ಮಾಡ್ತಿರೋದು?" ಎಂದು ಕೇಳಿದೆ.

"ನನಗೂ ವಯಸ್ಸಾಗ್ಲಿಲ್ವಾ? ಸುಮ್ನೆ ತಿನ್ನಿ," ಎಂದಳು.

ಹದಿನೈದು ದಿನಕ್ಕೊಮ್ಮೆ ವೈದ್ಯೆಯ ಬಳಿ ಹೋಗುತ್ತಿದ್ದೆ. ಮೇಲಿನ ಅಂಕಿ ಮೊದಲು ನೂರ ಅರವತ್ತೆರಡು, ಆಮೇಲೆ ನೂರ ಐವತ್ತು. ಒಂದು ದಿನ ಇದ್ದಕ್ಕಿದ್ದಂತೆ ನೂರ ಎಪ್ಪತ್ತು ತೋರಿಸಿತು. ಆಕೆ ಪಟ್ಟಿ ಬಿಚ್ಚದೆ ನನ್ನ ಮುಖ ನೋಡಿದರು.

"ಇವತ್ತು ಯಾರ ಮೇಲೆ ಸಿಟ್ಟು ಸರ್?"

"ನಿಮ್ಮ ಕಾಂಪೌಂಡರ್ ಮೇಲೆ. ಇವತ್ತೂ ಚೀಟಿ ಹಿಂದೆಮುಂದೆ ಮಾಡಿದ."

ಆಕೆ ನಗಲಿಲ್ಲ. ಕಾಂಪೌಂಡರನನ್ನು ಕರೆದು, ನನ್ನ ಮುಂದೆಯೇ, "ಇನ್ಮೇಲೆ ನಂಬರ್ ಪ್ರಕಾರಾನೇ ಕಳಿಸ್ಬೇಕು" ಎಂದರು. ನನ್ನನ್ನು ಬೆಂಚಿನ ಮೇಲೆ ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದರು. ನೂರ ನಲವತ್ತಾರು. "ನಿಮಗೆ ಉಪ್ಪಿನಷ್ಟೇ ಇದೂ ಕಮ್ಮಿ ಮಾಡ್ಬೇಕು ಸರ್" ಎಂದಷ್ಟೇ ಹೇಳಿದರು. ಅಂದು ಎರಡು ಬಾರಿ ಕೇಳಿ ನನ್ನನ್ನು ನೋಯಿಸಿದ್ದ ಆ ಹೆಣ್ಣುಮಗಳಿಗೆ ಮನಸ್ಸಿನಲ್ಲಿಯೇ ಕೈಮುಗಿದೆ.

ಮೂರನೆಯ ಶಿಬಿರಕ್ಕೆ ಹೋದಾಗ ನೂರ ಮೂವತ್ತೆಂಟು, ಎಂಬತ್ತಾರು. ಬಿಲ್ಲೆಯ ಮನುಷ್ಯ ಚೀಟಿ ನೋಡಿ, "ಈ ಸಲ ಪಾಸು ಕಣಜ್ಜಾ!" ಎಂದು ತನ್ನ ಮನೆಯವರೇ ಗೆದ್ದಂತೆ ನನ್ನ ಬೆನ್ನು ತಟ್ಟಿದ. ಮೊದಲ ಸಲ ಆತ ನನ್ನನ್ನು ಎಬ್ಬಿಸದೆ ವ್ಯಾನಿಗೆ ಹತ್ತಿಸಿದ್ದರೆ ಏನಾಗುತ್ತಿತ್ತೋ ಎಂದು ಆಗ ಹೊಳೆಯಿತು. ಅಜ್ಜ ಎಂಬುದನ್ನು ತಿದ್ದಲು ಹೋಗಲಿಲ್ಲ.

ಹುಬ್ಬಿಗೆ ಪ್ಲಾಸ್ಟರ್ ಹಚ್ಚಿಸಿಕೊಂಡು ಹನ್ನೆರಡು ಜನ ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಕುಳಿತಿದ್ದೆವು. ಕೈಯಲ್ಲಿದ್ದ ಚೀಟಿಯನ್ನು ಮಡಿಸುತ್ತ ಬಿಚ್ಚುತ್ತ ಇದ್ದೆ. ಪಕ್ಕದಲ್ಲಿದ್ದ, ಗಂಡಸಿ ಎಂಬ ಊರಿನ ಕಡೆಯ ಮುದುಕಿಯೊಬ್ಬಳು ನನ್ನ ಕೈಯನ್ನು ಅಂಗೈಯಿಂದ ಒತ್ತಿಹಿಡಿದಳು. "ಹೆದ್ರಕಬ್ಯಾಡ ಕಣಪ್ಪಾ. ಇರುವೆ ಕಚ್ದಂಗಾಯ್ತದಂತೆ, ಅಷ್ಟೇಯ." ಒಳಗೆ ಅವಳನ್ನೇ ಮೊದಲು ಕರೆದರು. ಎದ್ದು ಹೋಗುತ್ತ, "ನಿಜವಾಗ್ಲೂ ಇರುವೇನಾ ನೋಡಿ ಯೋಳ್ತೀನಿ ತಡಿ" ಎಂದಳು. ಆಕೆಯ ಹೆಸರು ಕೇಳಲಿಲ್ಲ. ನನ್ನ ನೆನಪಿನಲ್ಲಿ ಹೆಸರಿಲ್ಲದೆ ಉಳಿದ ಕೆಲವೇ ಜನರಲ್ಲಿ ಒಬ್ಬಳು.

ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಗಿರಿಜಮ್ಮನ ಮುಖ. ಒಂದೂವರೆ ವರ್ಷದಲ್ಲಿ ಅವಳ ಬೈತಲೆಯ ಇಕ್ಕೆಲವೂ ಬೆಳ್ಳಗಾಗಿತ್ತು. ನನಗೆ ತಿಳಿದೇ ಇರಲಿಲ್ಲ.

ಮಾತ್ರೆಯ ವಿಷಯ ಹೇಳಿಬಿಡುತ್ತೇನೆ. ವೈದ್ಯೆ ಮುಂದೆ ಅದನ್ನು ಅರ್ಧಕ್ಕೆ ಇಳಿಸಿದರು. ಆ ಅರ್ಧವನ್ನು ಇಂದಿಗೂ ನುಂಗುತ್ತೇನೆ. ಇಳಿಸಿದ್ದು ಅವರು, ನಾನಲ್ಲ. ಬೆಳಗಿನ ಇನ್ನೂರ ಹನ್ನೆರಡು ಸರಪಳಿಯೂ ತಪ್ಪಿಲ್ಲ.

ಹೊಸ ಕನ್ನಡಕ ಬಂದ ವಾರ ಒಬ್ಬನೇ ಬಸ್ ನಿಲ್ದಾಣಕ್ಕೆ ಹೋದೆ. ಹಳೇಬೀಡಿನ ಬೋರ್ಡನ್ನು ನಿಲ್ದಾಣದ ಇನ್ನೊಂದು ತುದಿಯಿಂದಲೇ ಓದಿ ಹತ್ತಿದೆ. ರಂಗೇಗೌಡರು ತಮ್ಮ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕುಳಿತುಕೊಳ್ಳುವ ಮೊದಲೇ ನಾನು ಹೇಳಬೇಕಾದದ್ದನ್ನು ಹೇಳಿದೆ.

"ಆ ಅಣ್ಣತಮ್ಮಂದಿರ ಗಡಿ ಅಳೆಯುವಾಗ ನನ್ನ ಸರಪಳಿ ಉದ್ದವಾಗಿದೆ ಅಂದಿದ್ರಲ್ಲ. ನಿಜ. ನಾಲ್ಕು ಬೆರಳು ಉದ್ದವಾಗಿತ್ತು."

ಅವರು ಸುಲಿಯುವುದನ್ನು ನಿಲ್ಲಿಸಿದರು. "ಯಾವ ಅಣ್ಣತಮ್ಮಂದ್ರು?"

ಸ್ಥಳ ಹೇಳಿದೆ, ಹೊಲದ ಗುರುತು ಹೇಳಿದೆ, ನಕ್ಕ ರೈತರ ಹೆಸರು ಹೇಳಿದೆ.

"ನಾನಂದಿದ್ನಾ? ಇದ್ರೂ ಇರ್ಬೌದು ಕಣಯ್ಯಾ. ನನ್ ಬಾಯಿ ಎಲ್ ಸುಮ್ಕಿರ್ತಿತ್ತು."

ಹತ್ತೊಂಬತ್ತು ವರ್ಷ ನಾನು ಒಬ್ಬನೇ ಎಳೆದದ್ದು ಆ ಸರಪಳಿಯನ್ನು. ಅವರ ಪಕ್ಕದಲ್ಲಿ ಕುಳಿತೆ. ಬಳಿಕ ಬೇಲೂರಿನ ಪಂಕ್ತಿಯ ಮಾತೆತ್ತಿ, ಆ ಮಾತು ನನ್ನ ಕಣ್ಣುಳಿಸಿತೆಂದು ಹೇಳಿದೆ.

"ಮಾತು ನೆನಪಿಲ್ಲ," ಎಂದರು ರಂಗೇಗೌಡರು. "ಉಪ್ಪಿನ್ಕಾಯಿ ನೆನಪೈತೆ. ಮಿಡಿ! ಎಂಥಾ ಮಿಡಿ ಕಣಯ್ಯಾ ಅದು!"

ಅಷ್ಟರಲ್ಲಿ ಅವರ ಹೆಂಡತಿ ಎರಡು ಲೋಟ ಮಜ್ಜಿಗೆ ತಂದಿಟ್ಟರು. ಒಂದು ಗುಟುಕು ಕುಡಿದೆ. ಉಪ್ಪಿರಲಿಲ್ಲ. ನನ್ನ ವಿಷಯ ಇವರಿಗೆ ಹೇಗೆ ತಿಳಿಯಿತೆಂದು ತಲೆಯೆತ್ತಿದೆ.

"ಸಪ್ಪೆ ಅಂತ ಬೇಜಾರ್ ಮಾಡ್ಕಬ್ಯಾಡಿ," ಎಂದರು ಆಕೆ. "ಇವ್ರಿಗೆ ಬಿ.ಪಿ. ಬಂದು ಹನ್ನೊಂದು ವರ್ಸ ಆಯ್ತು. ಮನೇಲಿ ಎಲ್ಲಾ ಹಿಂಗೇಯ. ಅವತ್ತು ಮದ್ವೇಲೂ ಇವ್ರೆಲೇಲಿ ಬರೀ ಅನ್ನ, ಮೊಸ್ರು. ನಿಮ್ಮೆಲೆ ನೋಡ್ಕಂಡೇ ಉಂಡ್ರಂತೆ."

ಅವರು ಕುಳಿತಿದ್ದುದು ನನ್ನ ಎಡಗಡೆ, ಮಂದಗಣ್ಣಿನ ಕಡೆ. ಆ ಎಲೆ ನನಗೆ ಕಂಡಿರಲಿಲ್ಲ.

ಆದರೂ ಒಂದು ತಪ್ಪನ್ನು ತಿದ್ದದೆ ಏಳುವುದು ನನ್ನಿಂದಾಗಲಿಲ್ಲ.

"ಮೂರು ಮಿಡಿ ಅಂತ ಕೂಗಿದ್ರಿ," ಎಂದೆ. "ನಾನು ಹಾಕಿಸಿಕೊಂಡದ್ದು ಎರಡು."

"ಮೂರು ಕಣಯ್ಯಾ. ನಾನ್ ಎಣಿಸ್ಕಂಡು ಕೂತಿದ್ದೆ." ರಂಗೇಗೌಡರು ಮತ್ತೊಂದು ಅವರೆಕಾಯಿಯನ್ನು ಬೆರಳಲ್ಲಿ ಒತ್ತಿ ಬಿಡಿಸಿದರು. "ನಿಂಗೆ ಆವಾಗ ಕಣ್ ಎಲ್ ಕಾಣ್ತಿತ್ತು?"

ಮಜ್ಜಿಗೆಯನ್ನು ತಳದವರೆಗೆ ಕುಡಿದೆ. ಚೆನ್ನಾಗಿತ್ತು.